ಹಂಚಿನ ಮಾಡು ಬದಲಿಸುವ ಖರ್ಚು: ಅಳತೆಯಿಂದ ಕೊನೆಯ ಬಟವಾಡೆವರೆಗೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಹಂಚಿನ ಮನೆ ಇರುವ ಎಲ್ಲರಿಗೂ ಒಂದಲ್ಲ ಒಂದು ಬೇಸಿಗೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ಮಾಡು, ಅಂದರೆ ಚಾವಣಿ, ಪೂರ್ತಿ ಬದಲಿಸಿದರೆ ಎಷ್ಟಾಗುತ್ತದೆ? ಮೇಸ್ತ್ರಿಯನ್ನು ಕರೆಸುತ್ತೇವೆ. ಅವರು ಅಂಗಳದಲ್ಲೇ ನಿಂತು, ಒಮ್ಮೆ ತಲೆ ಎತ್ತಿ ನೋಡಿ, ‘ಒಂದು ನಾಲ್ಕು ಲಕ್ಷ ಇಟ್ಕೊಳ್ಳಿ’ ಅಂತಾರೆ. ಇನ್ನೊಬ್ಬರು ಎರಡೂವರೆ ಅಂತಾರೆ. ಇಬ್ಬರದ್ದೂ ಕಣ್ಣಂದಾಜು. ಯಾರು ಏನೇನು ಸೇರಿಸಿ ಹೇಳಿದ್ದಾರೆ ಅನ್ನೋದು ನಮಗೆ ಗೊತ್ತಿಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಮಾಡಿನ ಖರ್ಚನ್ನು ಏರಿಸುವುದು ಇಳಿಸುವುದು ಹಂಚೊಂದೇ ಅಲ್ಲ, ಅದರ ಅಡಿಯಲ್ಲಿರುವ ಮರ ಕೂಡ. ಯಾವ ಮರ, ಯಾವ ಹಂಚು ಉಳಿಯುತ್ತದೆ, ಯಾವುದು ಹೋಗಿದೆ ಅಂತ ಒಂದು ದಿನ ಕೂತು ನೋಡದೆ ದರದ ಮಾತಿಗೆ ಇಳಿಯಬೇಡಿ. ಆ ಒಂದು ದಿನದ ಕೆಲಸಕ್ಕೆ ಲಕ್ಷ ರೂಪಾಯಿ ಉಳಿಸುವ ಶಕ್ತಿ ಇದೆ. ಹೇಗೆ ಅಂತ ಕೆಳಗೆ ಲೆಕ್ಕ ಸಮೇತ ಬರೆದಿದ್ದೇನೆ.

1. ಮೊದಲು ಅಳತೆ

ಮನೆಯ ಅಳತೆ ಬೇರೆ, ಮಾಡಿನ ಅಳತೆ ಬೇರೆ. 1,200 ಚದರ ಅಡಿ ಮನೆ ಅಂದ ಮಾತ್ರಕ್ಕೆ ಮಾಡೂ 1,200 ಚದರ ಅಡಿ ಇರುವುದಿಲ್ಲ. ತುಂಬಾ ಜನ ಎಡವುವುದು ಇಲ್ಲೇ.

30 ಅಡಿ ಅಗಲ, 40 ಅಡಿ ಉದ್ದದ ಮನೆ ಅಂತಿಟ್ಟುಕೊಳ್ಳಿ. ನಮ್ಮ ಮಳೆಗೆ ಸೂರು ಗೋಡೆಯಿಂದ ಮೂರು ಅಡಿಯಾದರೂ ಹೊರಗೆ ಚಾಚಿರಬೇಕು. ಆಗ ಮೇಲಿಂದ ನೋಡಿದರೆ ಮಾಡಿನ ಅಳತೆ 36 ಅಡಿಗೆ 46 ಅಡಿ, ಅಂದರೆ 1,656 ಚದರ ಅಡಿ. ಇನ್ನು ಇಳಿಜಾರು ಇದೆ. ಅಡ್ಡಡ್ಡ ಒಂದು ಅಡಿ ಹೋದರೆ ಮಾಡು ಎಷ್ಟು ಇಂಚು ಏರುತ್ತದೆ ಅಂತ ಅಟ್ಟದಲ್ಲಿ ಟೇಪು ಹಿಡಿದು ನೋಡಿ. 6 ಇಂಚು ಏರಿದರೆ 1.12ರಿಂದ ಗುಣಿಸಿ, 7 ಇಂಚಾದರೆ 1.16ರಿಂದ, 8 ಇಂಚಾದರೆ 1.20ರಿಂದ. ಏಳು ಇಂಚಿನ ಮಾಡಾದರೆ 1,656 ಗುಣಿಸು 1.16, ಅಂದರೆ ಸುಮಾರು 1,920 ಚದರ ಅಡಿ.

1,200 ಅಂದುಕೊಂಡಿದ್ದದ್ದು 1,920 ಆಯ್ತು. ಚದರ ಅಡಿ ಲೆಕ್ಕದಲ್ಲಿ ಕೂಲಿ ಮಾತಾಡುವಾಗ ಯಾವ ಚದರ ಅಡಿ ಅಂತ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ನೆಲದ್ದಾ, ಮಾಡಿನದ್ದಾ? ಎಷ್ಟೋ ಜಗಳ ಶುರುವಾಗುವುದೇ ಇದರಿಂದ.

ಅಳತೆ ಸಿಕ್ಕಿದ ಮೇಲೆ ಸಾಮಾನಿನ ಲೆಕ್ಕ ಸುಲಭ. ಮಂಗಳೂರು ಹಂಚು 100 ಚದರ ಅಡಿಗೆ 130ರಿಂದ 150 ಬೇಕಾಗುತ್ತದೆ. ಒಡೆಯುವುದನ್ನೂ ಹಿಡಿದು 140 ಅಂತ ಇಟ್ಟುಕೊಂಡರೆ ನಮ್ಮ ಉದಾಹರಣೆ ಮನೆಗೆ ಹತ್ತಿರ ಹತ್ತಿರ 2,700 ಹಂಚು. ರೀಪು (ಹಂಚು ಸಿಕ್ಕಿಸುವ ಅಡ್ಡಪಟ್ಟಿ) ಹನ್ನೆರಡೂವರೆ ಇಂಚಿಗೊಂದರಂತೆ ಬರುವುದರಿಂದ ಪ್ರತಿ 100 ಚದರ ಅಡಿಗೆ ಹೆಚ್ಚುಕಡಿಮೆ 100 ಅಡಿ ರೀಪು. ಕಡಿದು ಹಾಳಾಗುವುದು ಸೇರಿ 2,100 ಅಡಿ ತರಿಸಬೇಕು. ಪಕ್ಕಾಸು (ನೆತ್ತಿಯಿಂದ ಸೂರಿನವರೆಗೆ ಇಳಿದು ರೀಪನ್ನು ಹೊರುವ ಮರ) ಎರಡು ಅಡಿಗೊಂದು ಇದ್ದರೆ ಒಂದೊಂದು ಬದಿಗೆ 24, ಎರಡೂ ಬದಿಗೆ 48. ಒಂದೊಂದೂ 21 ಅಡಿ ಉದ್ದ.

2. ಅಟ್ಟ ಹತ್ತಿ ಮರ ನೋಡಿ

ಇದು ಇಡೀ ಕೆಲಸದ ತಿರುಳು. ಬೇರೆಯವರಿಗೆ ಬಿಡಬೇಡಿ, ನೀವೇ ಹತ್ತಿ. ಹತ್ತಲಾಗದಿದ್ದರೆ ಮನೆಯ ಹುಡುಗರನ್ನು ಹತ್ತಿಸಿ, ಫೋಟೋ ತೆಗೆಸಿ. ಒಳ್ಳೆಯ ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಸೀಮೆಸುಣ್ಣ ಇದ್ದರೆ ಸಾಕು.

ಪಕ್ಕಾಸು ಮೊದಲು ಕೆಡುವುದು ಮಧ್ಯದಲ್ಲಿ ಅಲ್ಲ, ತುದಿಯಲ್ಲಿ. ಗೋಡೆಯ ಮೇಲೆ ಕೂರುವ ಜಾಗ, ಸೂರಿನಲ್ಲಿ ಮಳೆಗೆ ತೋಯುವ ಕೊನೆಯ ಎರಡು ಅಡಿ, ಎರಡು ಮಾಡು ಸೇರುವ ಒಳಮೂಲೆಯಲ್ಲಿ ನೀರು ಹರಿಯುವ ತಗಡಿನ ದೋಣಿಯ ಅಡಿ, ಅಡುಗೆಮನೆಯ ಹೊಗೆಗೂಡಿನ ಸುತ್ತ, ಈ ನಾಲ್ಕು ಕಡೆ ಕಡ್ಡಾಯವಾಗಿ ನೋಡಿ. ಸ್ಕ್ರೂಡ್ರೈವರಿನ ತುದಿ ಒತ್ತಿ. ಗಟ್ಟಿ ಮರವಾದರೆ ಗೀರು ಮಾತ್ರ ಬೀಳುತ್ತದೆ. ಅರ್ಧ ಇಂಚು ಸಲೀಸಾಗಿ ಒಳಗೆ ಹೋದರೆ ಆ ಜಾಗ ಮುಗಿದಿದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಗೆದ್ದಲು ಹಿಡಿದ ಮರ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ತಟ್ಟಿದರೆ ಡೊಳ್ಳು ಡೊಳ್ಳಾಗಿ ಕೇಳಿಸುತ್ತದೆ. ಗೋಡೆಯ ಮೇಲೆ ಮಣ್ಣಿನ ಗೆರೆ ಏರಿದೆಯಾ ಅಂತಲೂ ನೋಡಿ. ಕುಟ್ಟೆ (ಮರ ಕೊರೆಯುವ ಹುಳ) ಹಿಡಿದಿದ್ದರೆ ಸಣ್ಣ ಸಣ್ಣ ತೂತು, ಅದರ ಅಡಿಗೆ ನಯವಾದ ಹಿಟ್ಟು. ತೂತು ಹಳೆಯದಾಗಿ, ಹಿಟ್ಟು ಉದುರುತ್ತಿಲ್ಲ ಅಂದರೆ ಹುಳ ಹೋಗಿರಬಹುದು. ಅಟ್ಟದಲ್ಲಿ ಒಂದು ಹಳೆ ಪೇಪರು ಹಾಸಿ ಒಂದು ವಾರ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ತುದಿ ಮಾತ್ರ ಕೆಟ್ಟ ಪಕ್ಕಾಸನ್ನು ಪೂರ್ತಿ ಎಸೆಯಬೇಕಾಗಿಲ್ಲ. ಕೆಟ್ಟ ಭಾಗ ಕತ್ತರಿಸಿ, ಪಕ್ಕದಲ್ಲಿ ಅದೇ ದಪ್ಪದ ಹೊಸ ತುಂಡು ಜೋಡಿ ಕೊಟ್ಟು, ಬೋಲ್ಟು ಹಾಕಿ ಬಿಗಿಯುತ್ತಾರೆ. ಹೊಸ ತುಂಡು ಗೋಡೆಯಿಂದ ಒಳಕ್ಕೂ ಸಾಕಷ್ಟು ಉದ್ದ ಹೋಗಬೇಕು, ಮೊಳೆ ಹೊಡೆದು ಬಿಡುವ ಹಾಗಿಲ್ಲ. ಒಳ್ಳೆಯ ಬಡಗಿ ಈ ಕೆಲಸ ಸರಾಗವಾಗಿ ಮಾಡುತ್ತಾರೆ. ಆದರೆ ಗುತ್ತಿಗೆಯವರಿಗೆ ಇದು ಕಿರಿಕಿರಿ, ಪೂರ್ತಿ ಬದಲಿಸುವುದೇ ಅವರಿಗೆ ಸುಲಭ. ಹಾಗಾಗಿ ‘ಎಲ್ಲಾ ಹೋಗಿದೆ ಸಾರ್, ಹೊಸದೇ ಹಾಕಿಬಿಡುವಾ’ ಅನ್ನುವ ಮಾತು ಬರುತ್ತದೆ. ನಿಮ್ಮ ಕೈಯಲ್ಲಿ ಸೀಮೆಸುಣ್ಣದ ಲೆಕ್ಕ ಇದ್ದರೆ ಒಂದೊಂದೇ ಪಕ್ಕಾಸು ತೋರಿಸಿ ಕೇಳಬಹುದು. ಹಳೆ ಮನೆಗಳಲ್ಲಿ ಇರುವುದು ಹೆಚ್ಚಾಗಿ ಬಲಿತ ಮರ. ಇವತ್ತು ಎಷ್ಟು ದುಡ್ಡು ಕೊಟ್ಟರೂ ಅಂಥದ್ದು ಸಿಗುವುದು ಕಷ್ಟ. ಅದನ್ನು ಸೌದೆಗೆ ಹಾಕಿ, ಹಸಿ ಮರ ತಂದು ಕೂರಿಸುವುದು ನನ್ನ ಪ್ರಕಾರ ದೊಡ್ಡ ನಷ್ಟ.

ಇನ್ನು ಗೋಡೆಯ ಮೇಲೆ ಮಲಗಿರುವ ಅಡ್ಡಮರ, ನೆತ್ತಿಯ ತೊಲೆ, ಇವು ಬಾಗಿದ್ದರೆ ಅಥವಾ ಒಳಗೆ ಟೊಳ್ಳಾಗಿದ್ದರೆ ಮೇಲ್ಮೇಲಿನ ರಿಪೇರಿ ಸಾಲದು. ಅಂಥ ಮಾಡನ್ನು ಬಿಚ್ಚಲೇಬೇಕು. ಗೋಡೆ ಹೊರಕ್ಕೆ ವಾಲಿದ್ದರೆ ಬಡಗಿಗಿಂತ ಮೊದಲು ಎಂಜಿನಿಯರನ್ನು ಕರೆಸಿ.

ರೀಪಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಹಂಚು ಹೇಗೂ ಇಳಿಸುತ್ತೀರಿ, ಅರ್ಧಕ್ಕಿಂತ ಹೆಚ್ಚು ರೀಪು ಕೆಟ್ಟಿದ್ದರೆ ಎಲ್ಲವನ್ನೂ ಹೊಸದು ಹಾಕಿಸಿ. ಎರಡು ವರ್ಷಕ್ಕೆ ಮತ್ತೆ ಹಂಚು ಇಳಿಸುವ ಕೂಲಿ ರೀಪಿಗಿಂತ ದುಬಾರಿ.

ಹೊಸ ಮರ ಕೊಳ್ಳುವಾಗ ಲೆಕ್ಕ ಘನ ಅಡಿಯಲ್ಲಿ. ದಪ್ಪ ಮತ್ತು ಅಗಲವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು ಗುಣಿಸಿ 144ರಿಂದ ಭಾಗಿಸಿ. ನಾಲ್ಕಕ್ಕೆ ಎರಡೂವರೆ ಇಂಚಿನ, 21 ಅಡಿ ಪಕ್ಕಾಸು ಒಂದಕ್ಕೆ ಸುಮಾರು 1.46 ಘನ ಅಡಿ. 48 ಪಕ್ಕಾಸಿಗೆ 70 ಘನ ಅಡಿ. ಮಿಲ್ಲಿನವರು ಬಿಲ್ಲು ಬರೆಯುವಾಗ ನೀವೂ ಪಕ್ಕದಲ್ಲಿ ಬರೆಯಿರಿ.

ತೋಟದಲ್ಲೇ ಮರ ಇದೆ, ಕಡಿಸಿದರೆ ಆಯ್ತು ಅನ್ನುವವರು ಒಂದು ನಿಮಿಷ ನಿಲ್ಲಿ. 1976ರ ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕಾಗಬಹುದು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ನಿಮ್ಮ ಮರ ಯಾವ ಪಟ್ಟಿಯಲ್ಲಿದೆ ಅಂತ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡೇ ಕೊಡಲಿ ಎತ್ತಿ. ಕಡಿದ ಮರ ಒಣಗುವುದಕ್ಕೂ ತಿಂಗಳುಗಟ್ಟಲೆ ಬೇಕು. ಹಸಿ ಪಕ್ಕಾಸು ಹಂಚಿನ ಭಾರಕ್ಕೆ ಬಾಗುತ್ತದೆ.

3. ಹಳೆ ಹಂಚನ್ನು ಸುಮ್ನೆ ಎಸೆಯಬೇಡಿ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಕಾಲದ ಮುದ್ರೆ ಇರುವ ಹಂಚು ಇವತ್ತಿಗೂ ಎಷ್ಟೋ ಮನೆಗಳ ಮೇಲಿದೆ, ಸೋರುತ್ತಲೂ ಇಲ್ಲ. ಚೆನ್ನಾಗಿ ಬೆಂದ ಹಂಚಿಗೆ ಅಷ್ಟು ಆಯಸ್ಸು. ಮೇಲೆ ಪಾಚಿ ಕಟ್ಟಿ ಕಪ್ಪಾಗಿದೆ ಅಂತ ಅದು ಕೆಟ್ಟಿತು ಅಂದುಕೊಳ್ಳಬೇಡಿ. ಬ್ರಶ್ಶು ಹಾಕಿ ತೊಳೆದರೆ ಕೆಂಪು ಮತ್ತೆ ಕಾಣುತ್ತದೆ.

ಇಳಿಸಿದ ಹಂಚನ್ನು ಒಂದೊಂದಾಗಿ ಬೆರಳಿನ ಗೆಣ್ಣಿನಲ್ಲಿ ತಟ್ಟಿ. ‘ಠಣ್’ ಅಂದರೆ ಒಳ್ಳೆಯದು, ‘ದಬ್’ ಅಂದರೆ ಎಲ್ಲೋ ಬಿರುಕಿದೆ. ರೀಪಿಗೆ ಸಿಕ್ಕಿಕೊಳ್ಳುವ ಹಿಂದಿನ ಮೂಗು ಮುರಿದಿದ್ದರೆ ಪಕ್ಕಕ್ಕೆ ಇಡಿ. ಅನುಮಾನ ಬಂದ ಹಂಚನ್ನು ಒಣಗಿಸಿ ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ಎರಡೂವರೆ ಕೆಜಿ ಇದ್ದದ್ದು ಮೂರು ಕೆಜಿ ದಾಟಿದರೆ ಅದು ನೀರು ಕುಡಿಯುವ ಹಂಚು, ಬೇಡ. ಹೊಸ ಹಂಚು ಕೊಳ್ಳುವ ಮುಂಚೆಯೂ ನಾಲ್ಕೈದು ತಂದು ಇದೇ ಪರೀಕ್ಷೆ ಮಾಡಿ.

ಹಂಚು ಬೆರೆಸುವಾಗ ಎಚ್ಚರ ಇರಲಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಉದ್ದ, ಅಗಲ, ಅಂಚಿನ ತೋಡು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸ. ಆ ಸ್ವಲ್ಪದಲ್ಲೇ ನೀರು ಇಳಿಯುತ್ತದೆ. ಎದುರಿನ ಮಾಡಿಗೆ ಒಂದೇ ಮುದ್ರೆಯ ಹಳೆ ಹಂಚು ಜೋಡಿಸಿ, ಹಿಂದಿನ ಮಾಡಿಗೆ ಹೊಸದು ಹಾಕುವುದು ಒಳ್ಳೆ ಉಪಾಯ. ಕಡಿಮೆ ಬಿದ್ದರೆ ಹಳೆ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಅದೇ ಮುದ್ರೆಯದ್ದು ಹುಡುಕಿ. ರೀಪು ಹೊಡೆಯುವ ಮುಂಚೆ ಐದಾರು ಹಂಚು ನೆಲದಲ್ಲಿ ಜೋಡಿಸಿ, ಮೂಗಿನಿಂದ ಮೂಗಿಗೆ ಎಷ್ಟು ದೂರ ಅಂತ ಅಳೆದು, ಆ ಅಳತೆಯ ಕೋಲು ಮಾಡಿಕೊಡಿ. ಬಡಗಿ ಅದೇ ಕೋಲು ಹಿಡಿದು ರೀಪು ಹೊಡೆಯಲಿ.

4. ಹಂಚೇ ಹಾಕಬೇಕಾ?

ಹಂಚಿನ ಮಾಡು 100 ಚದರ ಅಡಿಗೆ ಒಣಗಿದ್ದಾಗಲೇ ಸುಮಾರು 350 ಕೆಜಿ. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟು ಅಷ್ಟೇ ಜಾಗಕ್ಕೆ 40 ಕೆಜಿಯೊಳಗೆ. ನಾಲ್ಕು ಇಂಚಿನ ಕಾಂಕ್ರೀಟ್ ಸ್ಲ್ಯಾಬು 2,300 ಕೆಜಿ. ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮಣ್ಣಿನ ಗೋಡೆಯ ಅಥವಾ ಹಳೆ ಕೆಂಪುಕಲ್ಲಿನ ಮನೆಗೆ ‘ಹಂಚು ತೆಗೆದು ಸ್ಲ್ಯಾಬ್ ಹಾಕಿಬಿಡಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆರು ಪಟ್ಟಿಗಿಂತ ಜಾಸ್ತಿ ಭಾರ ಅದು. ಗೋಡೆ, ಪಾಯ ತಡೆಯುತ್ತದಾ ಅಂತ ಎಂಜಿನಿಯರು ನೋಡಿ ಬರೆದುಕೊಡಬೇಕು.

ಶೀಟಿಗೆ ಹೋಗುವವರಿಗೆ ಸಕಾರಣ ಇದೆ. ಮಲೆನಾಡಿನಲ್ಲಿ ಮಂಗಗಳು ಹಂಚು ಎಬ್ಬಿಸಿ ಒಡೆಯುವುದು ನಿಜವಾದ ಸಂಕಟ, ವರ್ಷವರ್ಷವೂ ಹಂಚು ಬದಲಿಸಿ ಸಾಕಾದವರಿದ್ದಾರೆ. ಮರ ಬೇಡ, ಕಬ್ಬಿಣದ ಪೈಪು ಸಾಕು, ಕೆಲಸವೂ ಬೇಗ. ಆದರೆ ಬೇಸಿಗೆಯಲ್ಲಿ ಸೆಕೆ, ಮಳೆಗಾಲದಲ್ಲಿ ಮಾತು ಕೇಳಿಸದಷ್ಟು ಸದ್ದು. ಹಗುರವಾದ್ದರಿಂದ ಗಾಳಿ ಎತ್ತುವ ಭಯವೂ ಇದೆ. ಸೆಕೆ ತಡೆಯಲು ಅಡಿಗೆ ಇನ್ನೊಂದು ಪದರ ಬೇಕಾಗುತ್ತದೆ. ಶೀಟಿನ ದರ ಹೇಳುವಾಗ ಅದನ್ನು ಯಾರೂ ಸೇರಿಸಿರುವುದಿಲ್ಲ.

ಪೈಪಿನ ಚೌಕಟ್ಟಿನಲ್ಲಿ ದಪ್ಪ ನೋಡಿ. ಎರಡಕ್ಕೆ ಎರಡು ಇಂಚಿನ ಪೈಪು 2 ಮಿಲಿಮೀಟರ್ ದಪ್ಪ ಇದ್ದರೆ ಅಡಿಗೆ ಸುಮಾರು 920 ಗ್ರಾಂ ತೂಗುತ್ತದೆ. 1.6 ಮಿಲಿಮೀಟರ್ ಆದರೆ 740 ಗ್ರಾಂ. ಬಣ್ಣ ಬಳಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಇಪ್ಪತ್ತು ಅಡಿಯ ಒಂದು ಪೈಪನ್ನು ತೂಕಕ್ಕೆ ಹಾಕಿದರೆ ಸಂಗತಿ ಬಯಲು. ಸಮುದ್ರದ ಹತ್ತಿರದ ಊರಾದರೆ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿ ತೆಳು ಪೈಪು ಬೇಡವೇ ಬೇಡ.

ಈಗಿರುವುದು ಹಳೆ ಸಿಮೆಂಟ್ ಶೀಟಾದರೆ ಅದರಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ನೀರು ಹಾಕಿ ನೆನೆಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು. ಮೇಲಿಂದ ಎಸೆಯುವುದು, ಕಟ್ಟರಿನಲ್ಲಿ ಕುಯ್ಯುವುದು ಕೂಡದು. ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿಸಿ, ಮಕ್ಕಳನ್ನು ದೂರ ಇಡಿ.

5. ಈಗ ದುಡ್ಡಿನ ಲೆಕ್ಕ

ಕೆಳಗಿನ ದರಗಳು ಲೆಕ್ಕ ತೋರಿಸುವುದಕ್ಕೆ ಇಟ್ಟುಕೊಂಡವು. ಊರಿಗೊಂದು ರೇಟು, ವರ್ಷಕ್ಕೊಂದು ರೇಟು. ನಿಮ್ಮ ಕಡೆಯ ದರ ಕೇಳಿ ಅದನ್ನು ಹಾಕಿಕೊಳ್ಳಿ, ವಿಧಾನ ಬದಲಾಗುವುದಿಲ್ಲ. ಹಂಚು ಒಂದಕ್ಕೆ 40 ರೂಪಾಯಿ, ರೀಪು ಅಡಿಗೆ 20, ಪಕ್ಕಾಸಿನ ಮರ ಘನ ಅಡಿಗೆ 1,200, ಇಳಿಸಿ ಮತ್ತೆ ಹೊದಿಸುವ ಕೂಲಿ ಮಾಡಿನ ಚದರ ಅಡಿಗೆ 45 ಅಂತ ಹಿಡಿಯೋಣ.

ಎಲ್ಲವೂ ಹೊಸದಾದರೆ ಹೀಗೆ:

- ಹಂಚು 2,700ಕ್ಕೆ 1,08,000 ರೂಪಾಯಿ
- ರೀಪು 2,100 ಅಡಿಗೆ 42,000
- ಪಕ್ಕಾಸು 70 ಘನ ಅಡಿಗೆ 84,000
- ಕೂಲಿ 1,920 ಚದರ ಅಡಿಗೆ 86,400

ಒಟ್ಟು 3,20,400 ರೂಪಾಯಿ.

ಅದೇ ಮನೆಯಲ್ಲಿ ಅಟ್ಟ ಹತ್ತಿ ನೋಡಿದಾಗ 48ರಲ್ಲಿ 12 ಪಕ್ಕಾಸು ಮಾತ್ರ ಕೆಟ್ಟಿದೆ, 1,900 ಹಂಚು ಗಟ್ಟಿ ಇದೆ ಅಂತ ಗೊತ್ತಾಯಿತು ಅನ್ನಿ. ಹೊಸ ಹಂಚು 800ಕ್ಕೆ 32,000, ರೀಪು ಎಲ್ಲಾ ಹೊಸದು 42,000, ಪಕ್ಕಾಸು 21,000, ಕೂಲಿ ಅಷ್ಟೇ 86,400. ಒಟ್ಟು 1,81,400. ವ್ಯತ್ಯಾಸ 1,39,000 ರೂಪಾಯಿ. ಪಕ್ಕಾಸಿಗೆ ಸಾಗುವಾನಿ ಬೇಕು ಅಂತ ಹೊರಟರೆ ಮರದ ಬಾಬ್ತು ಎಷ್ಟು ಪಟ್ಟು ಏರುತ್ತದೆ ಅಂತ ನೀವೇ ದರ ಹಾಕಿ ನೋಡಿ.

ಇದರ ಮೇಲೆ ಬರುವ ಖರ್ಚುಗಳನ್ನು ಮರೆಯಬೇಡಿ: ನೆತ್ತಿಯ ಹಂಚು ಮತ್ತು ಅದಕ್ಕೆ ಸಿಮೆಂಟು, ಒಳಮೂಲೆಯ ತಗಡು, ಮೊಳೆ ಬೋಲ್ಟು, ಲಾರಿ ಬಾಡಿಗೆ, ಟಾರ್ಪಾಲು, ಅಟ್ಟದ ವೈರಿಂಗು. ಸಾವಿರ ಹಂಚು ಅಂದರೆ ಎರಡೂವರೆ ಟನ್, ಮನೆ ಬಾಗಿಲವರೆಗೆ ಲಾರಿ ಬರದಿದ್ದರೆ ಹೊರುವ ಕೂಲಿ ಬೇರೆ. ಶೀಟು, ಪೈಪಿನ ದರ ಕೇಳುವಾಗ ಕಬ್ಬಿಣಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿದೆಯಾ ಅಂತ ಕೇಳಿ. ಹಂಚು ಇಳಿಸಿದ ಮೇಲೆ ಹೊಸ ಹುಳುಕು ಸಿಕ್ಕೇ ಸಿಗುತ್ತದೆ. ಅದಕ್ಕೆ ಒಟ್ಟು ಮೊತ್ತದ 15 ಶೇಕಡಾ ಬೇರೆ ತೆಗೆದಿಡಿ.

6. ಮೇಸ್ತ್ರಿ ಜೊತೆ ಮಾತು

ಕನಿಷ್ಠ ಇಬ್ಬರನ್ನು ಕರೆಸಿ, ಇಬ್ಬರಿಗೂ ಒಂದೇ ಅಳತೆಯ ಚೀಟಿ ಕೊಡಿ. ಆಗ ಮಾತ್ರ ಇಬ್ಬರ ದರ ಹೋಲಿಸಬಹುದು. ಸಾಮಾನು ನಿಮ್ಮದು, ಕೂಲಿ ಅವರದು ಅನ್ನುವ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ. ಓಡಾಟ ಜಾಸ್ತಿ, ಆದರೆ ಯಾವುದಕ್ಕೆ ಎಷ್ಟು ಹೋಯಿತು ಅಂತ ಕಣ್ಣೆದುರಿಗೆ ಇರುತ್ತದೆ.

ಚೀಟಿಯಲ್ಲಿ ಇವಿಷ್ಟು ಬರೆದಿರಲಿ: ಮಾಡಿನ ಚದರ ಅಡಿ, ಪಕ್ಕಾಸು ಎಷ್ಟು ಹೊಸದು, ಎಷ್ಟಕ್ಕೆ ಜೋಡಿ, ರೀಪಿನ ದಪ್ಪ, ಹಳೆ ಹಂಚು ತೊಳೆಯುವುದು ಯಾರು, ಒಡೆದರೆ ಯಾರ ಲೆಕ್ಕ, ಹಳೆ ಮರ ಯಾರಿಗೆ, ಊಟ ಕಾಫಿ ಯಾರದು, ಎಷ್ಟು ದಿನ. ಹೆಚ್ಚುವರಿ ಪಕ್ಕಾಸು ಬದಲಿಸಬೇಕಾದರೆ ಒಂದಕ್ಕೆ ಎಷ್ಟು ಕೂಲಿ ಅಂತ ಮೊದಲೇ ಗೊತ್ತು ಮಾಡಿ. ಮಾಡು ಬಿಚ್ಚಿ, ಮೇಲೆ ಮೋಡ ಕಟ್ಟಿರುವಾಗ ಚೌಕಾಸಿ ಮಾಡುವ ಸ್ಥಿತಿ ನಿಮ್ಮದಾಗಿರುವುದಿಲ್ಲ.

ಕೆಲಸದವರ ಸುರಕ್ಷತೆಯ ಮಾತನ್ನೂ ಆಡಿ. ಜಾರು ಹಂಚಿನ ಮೇಲೆ ಬರಿಗಾಲಲ್ಲಿ ನಿಂತು ದುಡಿಯುವವರು ಅವರು. ಹಗ್ಗ, ಗಟ್ಟಿ ಏಣಿ, ಕಾಲಿಡಲು ಹಲಗೆ ಇರಲೇಬೇಕು. ಅದಕ್ಕೆ ಸಾವಿರ ರೂಪಾಯಿ ಜಾಸ್ತಿ ಕೇಳಿದರೆ ಮನಸ್ಸಿಟ್ಟು ಕೊಡಿ.

7. ಯಾವಾಗ?

ಡಿಸೆಂಬರಿನಿಂದ ಮಾರ್ಚ್ ಒಳಗೆ. ಏಪ್ರಿಲ್, ಮೇನಲ್ಲಿ ಊರಿಡೀ ಮಾಡಿನ ಕೆಲಸ, ಆಳು ಸಿಗುವುದಿಲ್ಲ, ಸಿಕ್ಕರೂ ಹೇಳಿದ್ದೇ ಕೂಲಿ. ಸಂಜೆಯ ಗುಡುಗು ಮಳೆಯೂ ಆಗ ಶುರುವಾಗಿರುತ್ತದೆ. ದೀಪಾವಳಿ ಮುಗಿದ ಕೂಡಲೇ ಅಳತೆ, ಮರದ ಮಾತು ಮುಗಿಸಿ ಮುಂಗಡ ಕೊಟ್ಟುಬಿಡಿ.

ಗಾಳಿಮಳೆಗೆ ಮಾಡು ಹಾರಿಯೋ ಮರ ಬಿದ್ದೋ ಹಾಳಾಗಿದ್ದರೆ, ಎತ್ತಿ ಸರಿಮಾಡುವ ಮುಂಚೆ ಫೋಟೋ ತೆಗೆದು ಗ್ರಾಮ ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ತಿಳಿಸಿ. ಪ್ರಕೃತಿ ವಿಕೋಪದ ಪರಿಹಾರಕ್ಕೆ ಸ್ಥಳ ಪರಿಶೀಲನೆ ಆಗಬೇಕು.

8. ಕೆಲಸ ನಡೆಯುವಾಗ

ಇಡೀ ಮಾಡು ಒಂದೇ ದಿನ ಬಿಚ್ಚಿಸಬೇಡಿ. ಒಂದು ಬದಿ ಮುಗಿಸಿ ಇನ್ನೊಂದು. ಪಕ್ಕಾಸು ಮೇಲೇರುವ ಮುಂಚೆ, ಕೆಳಗಿರುವಾಗಲೇ ಗೆದ್ದಲಿನ ಔಷಧಿ ಆಗಬೇಕು. ಗೋಡೆಗೆ ಕೂರುವ ತುದಿಗೆ ಎರಡು ಸಲ ಬಳಿಸಿ. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ, ಚೆನ್ನಾಗಿ ಬರುತ್ತದೆ. ಆದರೆ ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು ಹಾಕಿಕೊಳ್ಳಲಿ.

ಸೂರಿನ ಮೊದಲ ರೀಪು ಉಳಿದವುಗಳಿಗಿಂತ ದಪ್ಪ ಇದೆಯಾ ನೋಡಿ. ಅಲ್ಲಿನ ಹಂಚಿಗೆ ಅಡಿಯಲ್ಲಿ ಇನ್ನೊಂದು ಹಂಚಿನ ಆಸರೆ ಇಲ್ಲ, ಹಾಗಾಗಿ ಆ ರೀಪು ಎತ್ತರ ಇಲ್ಲದಿದ್ದರೆ ಇಡೀ ಸಾಲು ಮುಂದಕ್ಕೆ ಬಾಗುತ್ತದೆ. ಗಾಳಿ ಹೊಡೆಯುವ ಅಂಚಿನ ಸಾಲುಗಳನ್ನು ತುಕ್ಕು ಹಿಡಿಯದ ತಂತಿಯಲ್ಲಿ ರೀಪಿಗೆ ಕಟ್ಟಿಸಿ. ಅಡುಗೆಮನೆ, ಅಟ್ಟ ಕತ್ತಲಾಗಿದ್ದರೆ ಒಂದೆರಡು ಗಾಜಿನ ಹಂಚು ಈಗಲೇ ಹಾಕಿಸಿಕೊಳ್ಳಿ.

ಬಟವಾಡೆ ಹಂತ ಹಂತವಾಗಿ ಇರಲಿ. ಶುರುವಿಗೆ ಸ್ವಲ್ಪ, ಮರದ ಕೆಲಸ ಮುಗಿದಾಗ ಸ್ವಲ್ಪ, ಹಂಚು ಹೊದಿಸಿದಾಗ ಉಳಿದದ್ದರ ಹೆಚ್ಚಿನ ಪಾಲು. ಹತ್ತನೇ ಒಂದು ಭಾಗವನ್ನು ಮೊದಲ ದೊಡ್ಡ ಮಳೆವರೆಗೆ ಇಟ್ಟುಕೊಳ್ಳುತ್ತೇನೆ ಅಂತ ಮೊದಲೇ ಹೇಳಿ ಒಪ್ಪಿಸಿ. ಮಳೆ ಬಂದ ದಿನ ಟಾರ್ಚು ಹಿಡಿದು ಅಟ್ಟಕ್ಕೆ ಹೋಗಿ, ಒದ್ದೆಯಾದ ಕಡೆಯೆಲ್ಲಾ ಸೀಮೆಸುಣ್ಣದ ಗುರುತು ಹಾಕಿ. ಮಳೆ ಬಿಟ್ಟ ಮೇಲೆ ಮೇಸ್ತ್ರಿಯನ್ನು ಕರೆಸಿ ಆ ಜಾಗಗಳನ್ನು ಸರಿಮಾಡಿಸಿ, ಉಳಿಕೆ ಹಣ ಅದೇ ದಿನ ಕೊಟ್ಟುಬಿಡಿ. ಅದೇ ಮುದ್ರೆಯ ನೂರು ಹಂಚು ಮನೆಯ ಹಿಂದೆ ನೆರಳಿನಲ್ಲಿ ಜೋಡಿಸಿಡಿ. ಮುಂದಿನ ಬೇಸಿಗೆಯಲ್ಲಿ ಒಂದೆರಡು ಒಡೆದಾಗ ಅವು ಬೇಕಾಗುತ್ತವೆ.